ಒಗೆದು ನೋಡದೆ ಕೊಟ್ಟ ಕೋಲು

ಸುಲ್ತಾನಬಿಯ ಅಂಗಳಕ್ಕೆ ಗಾಳದ ಕೋಲು ಕೊಳ್ಳಲು ಹೋದ ಕಾರಕೂನನಿಗೆ ಆಕೆ ಕೇಳಿದ್ದು ಒಂದೇ ಮಾತು: "ಎಷ್ಟ ತೂಕ ಐತಿ ತಮ್ಮಾ?"

ಅವನು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗುವವನು. ತೂಕದ ಪ್ರಶ್ನೆಗೆ ತಡವರಿಸುವುದು ಹುದ್ದೆಗೇ ಅವಮಾನ ಎಂದುಕೊಂಡು, ಬೆನ್ನು ನೆಟ್ಟಗೆ ಮಾಡಿ, "ಐವತ್ತೊಂದೂವರಿ ಕಿಲೋರಿ" ಎಂದು ತನ್ನ ಮೈತೂಕ ಒಪ್ಪಿಸಿದ. ಕಟ್ಟೆಯ ಮೇಲೆ ಕೂತಿದ್ದ ಮಲಕಾರಿಗೆ ನಕ್ಕು ನಕ್ಕು ಬಾಯೊಳಗಿನ ಎಲೆಅಡಿಕೆ ನೆತ್ತಿಗೇರಿತು. "ಲೇ ಕಾಟಾ ಸಾಹೇಬಾ, ಅದು ಖಾಲಿ ಗಾಡೀದೋ, ಕಬ್ಬ ಹೇರಿದ್ದೋ?"

ಸುಲ್ತಾನಬಿ ನಗಲಿಲ್ಲ. "ನಿನ್ನ ಯಾರೂ ಹೊಳ್ಯಾಗ ಬೀಸಿ ಒಗಿಯಂಗಿಲ್ಲ ತಮ್ಮಾ. ನೀ ಏನ ಒಗೀತಿ, ಅದರ ತೂಕ ಹೇಳು."

ಇದು ತೊಂಬತ್ತೆರಡರ ಮಾತು. ಇದನ್ನು ಬರೆಯುತ್ತಿರುವ ಮಹಾಶಯ ಆ ಕಾರಕೂನನೇ. ಈ ಕತೆಯಲ್ಲಿ ಅವನ ಕೆಲಸ ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ, ಮುಂದೆ ಬರುತ್ತದೆ.

ಸುಲ್ತಾನಬಿಯ ಮನೆ ಕುಡಚಿಯಲ್ಲಿ, ಹೊಳೆಗೆ ಇಳಿಯುವ ದಾರಿಯ ಕೊನೆಗಿತ್ತು. ಮನೆಯೊಳಗೆ ಉರ್ದು, ಅಂಗಳದಲ್ಲಿ ಕನ್ನಡ, ಬಿದಿರು ತರಲು ನಿಪ್ಪಾಣಿಗೆ ಹೋದರೆ ಮರಾಠಿ. ಮೂರರಲ್ಲೂ ಆಕೆಯ ಮಾತು ಕಡಿಮೆಯೇ. ನಿಚ್ಚಣಿಕೆಗೆ, ಚಪ್ಪರಕ್ಕೆ, ದ್ರಾಕ್ಷಿ ಬಳ್ಳಿಗೆ ಬಿದಿರು ಮಾರುವವರು ಆ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಬಾಳೆ ಮೀನಿನ ಬೇಟೆಗೆ ತಡೆಯುವಂಥ ಕೋಲು ಬೇಕೆಂದರೆ ಮಾತ್ರ ಅಥಣಿಯಿಂದಲೂ ಚಿಕ್ಕೋಡಿಯಿಂದಲೂ ಇಲ್ಲಿಗೇ ಬರಬೇಕಿತ್ತು.

ಬಾಳೆ ಮೀನೆಂದರೆ ಕೃಷ್ಣೆಯ ಮಡುವುಗಳಲ್ಲಿ ಮಲಗಿರುವ ದೊಡ್ಡ ಬಾಯಿಯ ಮೀನು. ಎರೆಹುಳುವಿಗೆ ಅದು ಕಣ್ಣು ಕೂಡ ತೆರೆಯುವುದಿಲ್ಲ. ಅದಕ್ಕೆಂದು ಇಲ್ಲಿಯವರು ಹಗುರ ಕಟ್ಟಿಗೆಯಲ್ಲಿ ಗೇಣುದ್ದದ ಮೀನು ಕೆತ್ತುತ್ತಾರೆ. ಹೊಟ್ಟೆ ಕೊರೆದು ಸೀಸ ಹೊಯ್ಯುತ್ತಾರೆ, ಕೆಳಗೆ ಮೂರು ಮುಳ್ಳಿನ ಗಾಳ ಕಟ್ಟುತ್ತಾರೆ. ಆ ಕಟ್ಟಿಗೆ ಮೀನನ್ನು ಮಡುವಿನ ಆಚೆ ದಡದ ಹತ್ತಿರಕ್ಕೆ ಬೀಸಿ ಒಗೆದು, ನಿಧಾನಕ್ಕೆ ಎಳೆದುಕೊಳ್ಳಬೇಕು. ಮತ್ತೆ ಒಗೆಯಬೇಕು. ಸಂಜೆಯ ತನಕ ಇದೇ. ಅರ್ಧಪಾವು, ಅಂದರೆ ನೂರಿಪ್ಪತ್ತೈದು ಗ್ರಾಂ ತೂಗುವ ಕಟ್ಟಿಗೆಯನ್ನು ದಿನವಿಡೀ ಬೀಸುವುದೆಂದರೆ ತೋಳಿಗಿಂತ ಕೋಲಿಗೇ ಹೆಚ್ಚು ಕಷ್ಟ.

ಬಂದವರೆಲ್ಲ ಮೀನಿನ ಮಾತು ಎತ್ತುತ್ತಿದ್ದರು. ಹತ್ತು ಕಿಲೋದ್ದು ಹಿಡಿಯಬೇಕ್ರಿ, ಹದಿನೈದು ಕಿಲೋದ್ದು ತಡೆಯೂ ಕೋಲ ಕೊಡ್ರಿ. ಸುಲ್ತಾನಬಿ ಮೀನಿನ ಮಾತನ್ನೇ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಮೀನ ವರ್ಷಕ್ಕ ಎರಡು ಬಂದರ ನಿಮ್ಮ ನಸೀಬ. ಒಗಿಯೂದು ದಿನಾ ನೂರ ಸಲ. ಕೋಲ ಮುರಿಯೂದು ಮೀನಿನ ಕೈಯಾಗಲ್ಲರಿ, ನಿಮ್ಮ ಕೈಯಾಗ."

ಈ ವಿದ್ಯೆ ಆಕೆಗೆ ಬಂದದ್ದು ಗಂಡ ಇಬ್ರಾಹಿಮನಿಂದ. ಅವನು ನಿಪ್ಪಾಣಿಯ ಪೇಟೆಗೆ ಬರುವ ಲಾರಿಯೊಳಗಿನ ನೂರು ಬಿದಿರಿನಲ್ಲಿ ನಾಲ್ಕನ್ನು ಆರಿಸುತ್ತಿದ್ದ. ಒಳಗೆ ಪೊಳ್ಳಿಲ್ಲದ ಗಂಡುಬಿದಿರೇ ಆಗಬೇಕು. ಗೆಣ್ಣುಗಳು ಬುಡದಲ್ಲಿ ಒತ್ತೊತ್ತಾಗಿ, ತುದಿಗೆ ಹೋದಂತೆ ದೂರ ದೂರ ಇರಬೇಕು. ಅವನ್ನು ತಂದು ತಿಂಗಳೊಪ್ಪತ್ತು ಹೊಳೆಯ ನೀರಿನಲ್ಲಿ ನೆನೆಹಾಕುವುದು, ರಸ ಹೋಗಿ ಹುಳು ಮುಟ್ಟದಿರಲಿ ಎಂದು. ಆಮೇಲೆ ಸತ್ಯಪ್ಪನ ಬೆಲ್ಲದ ಗಾಣದ ಮನೆಯಲ್ಲಿ ಮಾಡಿನ ಜಂತಿಗೆ ಕಟ್ಟಿ, ಎರಡು ತಿಂಗಳು ಹೊಗೆ ಕುಡಿಸುವುದು. ಕೊಪ್ಪರಿಗೆಯ ಆವಿ, ಒಲೆಯ ಹೊಗೆ ಎರಡೂ ತಾಗಿ ತಾಗಿ ಬಿದಿರು ಹಳೇ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಕೊನೆಗೆ ಕುಸುಬೆ ಎಣ್ಣೆ ತಿಕ್ಕಿ, ಗೆಣ್ಣು ಗೆಣ್ಣಿಗೂ ಬೀಡಿ ಕಟ್ಟುವ ದಾರ ಸುತ್ತಿ ಅರಗು ಬಳಿದು, ದಾರ ಹಾಯಲು ಸೈಕಲ್ ಕಡ್ಡಿ ಬಗ್ಗಿಸಿದ ಉಂಗುರ ಕೂಡಿಸುವುದು.

ಇಷ್ಟೆಲ್ಲ ಆದಮೇಲೂ ಕೋಲು ಅಂಗಳ ಬಿಟ್ಟು ಹೋಗುತ್ತಿರಲಿಲ್ಲ. ಕೊಳ್ಳುವವನು ತನ್ನ ಕಟ್ಟಿಗೆ ಮೀನನ್ನು ತರಬೇಕು. ಅದನ್ನು ನೀರಲ್ಲಿ ಅದ್ದಿ ಕೋಲಿಗೆ ಕಟ್ಟಿ, ಗಾಣದ ಹಿಂದಿನ ಕಬ್ಬು ಕಡಿದ ಹೊಲದಲ್ಲಿ ಇಬ್ರಾಹಿಮ ಇಪ್ಪತ್ತೊಂದು ಸಲ ಒಗೆಯುತ್ತಿದ್ದ. ಇಪ್ಪತ್ತೊಂದೇ ಯಾಕೆ ಎಂದವರಿಗೆ, "ಇಪ್ಪತ್ತಕ್ಕ ತೋಳ ಸೋಲತೈತಿ. ಸೋತ ತೋಳಿನ್ಯಾಗ ಒಂದ ಒಗದ ನೋಡಬೇಕು, ನೀವೂ ಸೋತಾಗ ಹಂಗ ಒಗೀತೀರಿ" ಎನ್ನುತ್ತಿದ್ದ. ಒಗೆಯುವಾಗ ಕೋಲಿನ ಸಪ್ಪಳ ಕೇಳಬೇಕು. ಒಳ್ಳೆಯ ಕೋಲು ಗಾಳಿಯನ್ನು ಎಳೆದುಕೊಂಡಂತೆ ಸುಂಯ್ ಎನ್ನುತ್ತದೆ. ಒಳಗೆ ಎಲ್ಲೋ ಕೆಟ್ಟದ್ದಿದ್ದರೆ ಬೀಸಿನ ಕೊನೆಗೆ ಬೆರಳು ಮುರಿದ ಹಾಗೆ ಸಣ್ಣಗೆ ಟಕ್ ಎನ್ನುತ್ತದೆ. ಆ ಟಕ್ ಕೇಳಿದರೆ ಕೋಲು ಒಲೆಗೆ.

ಎಂಬತ್ತಾರರಲ್ಲಿ ಇಬ್ರಾಹಿಮ ಕಾಮಾಲೆಯಾಗಿ ತೀರಿಕೊಂಡ. ಮಗಳು ದಿಲಶಾದಬಿಗೆ ಆಗ ಹನ್ನೆರಡು ವರ್ಷ. ಗಾಣದ ಜಂತಿಯ ಮೇಲೆ ಹದಿನಾಲ್ಕು ಕೋಲು ಹೊಗೆ ಕುಡಿಯುತ್ತ ಇದ್ದವು. ದುಃಖದ ದಿನಗಳು ಮುಗಿದು ಮನೆ ಹೊರಗೆ ಬಂದ ಸುಲ್ತಾನಬಿ ಮೊದಲು ಮಾಡಿದ್ದು ಅವನ್ನು ಇಳಿಸಿದ್ದು. ಎರಡನೆಯದಾಗಿ, ಸೆರಗನ್ನು ತಲೆಯ ಮೇಲಿಂದ ಹೊದ್ದು ಸೊಂಟಕ್ಕೆ ಬಿಗಿದು, ಕಡಿದ ಕಬ್ಬಿನ ಕೂಳೆಯ ನಡುವೆ ನಿಂತು ಕೋಲು ಬೀಸಿದ್ದು. ಗಾಣದ ಆಳುಗಳು ಕೆಲಸ ಬಿಟ್ಟು ನೋಡಿದರು. "ಕಬ್ಬಿನ ಹೊಲದಾಗ ಮೀನ ಹಿಡ್ಯಾಕತ್ತಾಳಲ್ಲೋ" ಎಂದು ಒಬ್ಬ. "ಬೆಲ್ಲದ ಮೀನೋ ಮಾರಾಯಾ" ಎಂದು ಇನ್ನೊಬ್ಬ. ಆಕೆ ಇಪ್ಪತ್ತೊಂದನ್ನೂ ಮುಗಿಸಿಯೇ ಕೆಳಗಿಟ್ಟಳು. ಹದಿನಾಲ್ಕರಲ್ಲಿ ಮೂರು ಟಕ್ ಎಂದವು. ಮೂರನ್ನೂ ಎಲ್ಲರೆದುರು ಒಲೆಗೆ ಕೊಟ್ಟಳು. ಮುಂದಿನ ವರ್ಷ ನಗುವವರು ಕಡಿಮೆಯಾದರು. ಅದರ ಮುಂದಿನ ವರ್ಷ ಅದೇ ಆಳುಗಳು ಕಟ್ಟೆಯ ಮೇಲೆ ಕೂತು ಒಂದು, ಎರಡು ಎಂದು ಎಣಿಸತೊಡಗಿದ್ದರು.

ಏಳು ವರ್ಷ ಆಕೆ ಕೊಟ್ಟ ಒಂದು ಕೋಲೂ ಯಾರ ಕೈಯಲ್ಲೂ ಮುರಿಯಲಿಲ್ಲ. ಮನೆ ನಡೆದದ್ದು ಆ ಹೆಸರಿನ ಮೇಲೆ.

ತೊಂಬತ್ಮೂರರ ಡಿಸೆಂಬರಿನಲ್ಲಿ ದಿಲಶಾದಬಿಯನ್ನು ನೋಡಲು ಮುಗಳಖೋಡದಿಂದ ಮಂದಿ ಬಂದರು. ಎಂಟು ಜನ ಬರುತ್ತೇವೆಂದವರು ಹತ್ತೊಂಬತ್ತು ಜನ ಬಂದಿದ್ದರು. ಒಳಗೆ ಚಹಾ ಸಾಲದೆ ಮತ್ತೆ ಪಾತ್ರೆ ಇಡುವಾಗ ಮಲಕಾರಿ ಹೊಸ ಕಟ್ಟಿಗೆ ಮೀನು ಹಿಡಿದುಕೊಂಡು ಬಾಗಿಲಿಗೆ ಬಂದ. ಮಲಕಾರಿಯೆಂದರೆ ಹೊಳೆಯ ಪಂಪಹೌಸಿನಲ್ಲಿ ಮೋಟಾರು ನೋಡಿಕೊಳ್ಳುವವನು. ಮೋಟಾರು ಶುರು ಮಾಡಿದರೆ ಕರೆಂಟು ಹೋಗುವ ತನಕ ಅವನಿಗೆ ಬೇರೆ ಕೆಲಸವಿಲ್ಲ, ಆದ್ದರಿಂದ ಆ ದಂಡೆಯಲ್ಲಿ ಅವನಷ್ಟು ಗಾಳ ಹಾಕಿದವರೂ ಇಲ್ಲ.

"ಅಕ್ಕಾರ, ನಂದ ಕೋಲ ತಯಾರಾತೇನ್ರಿ?"

"ಆಗೇತಿ. ನಾಳೆ ಬಾ ಅಣ್ಣಾ, ಒಗದ ಕೊಡತೀನಿ."

"ನಾಳೆ ಯಾಕ್ರಿ, ನಿಮ್ಮ ಕಣ್ಣ ದಾಟಿ ಬಂದ ಕೋಲ ಅದು. ಮಡುವಿನ್ಯಾಗ ಬಾಳಿ ಮೀನ ಎದ್ದಾವ್ರಿ, ನಿನ್ನೆಯಿಂದ ಹೊಳ್ಳಾಡಾಕತ್ತಾವ. ನಾ ಒಗದ ನೋಡ್ಕೋತೀನಿ ಬಿಡ್ರಿ."

ಒಳಗಿನಿಂದ ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಕರೆದಳು. ಗಂಡಸರೆದುರು ಸೆರಗು ಬಿಗಿದು ಹೊಲದಲ್ಲಿ ಕೋಲು ಬೀಸುವ ಹೆಂಗಸು ಹುಡುಗಿಯ ತಾಯಿ ಎಂಬುದು ಅವರಿಗೆ ಆವತ್ತೇ ಕಣ್ಣಾರೆ ಕಾಣುವುದು ಸುಲ್ತಾನಬಿಗೆ ಬೇಡವಾಗಿತ್ತು. ಗೋಡೆಗೆ ಆನಿಸಿದ್ದ ಕೋಲನ್ನು ತೆಗೆದಳು, ಬಣ್ಣ ನೋಡಿದಳು. ಹಳೇ ಬೆಲ್ಲದ ಬಣ್ಣ, ಎಂದಿಗಿಂತ ಒಂದು ಕೈ ಗಾಢವಾಗಿಯೇ ಇತ್ತು. ಒಮ್ಮೆ ಬಗ್ಗಿಸಿ ಬಿಟ್ಟಳು. ಮಲಕಾರಿಯ ಕೈಗೆ ಕೊಟ್ಟು ಒಳಗೆ ಹೋದಳು.

ಸಂಬಂಧ ನಿಶ್ಚಯವಾಯಿತು. ಬೇಸಿಗೆಗೆ ಮದುವೆ ಎಂದಾಯಿತು.

ಇಪ್ಪತ್ತು ದಿನದ ಮೇಲೆ ಮಲಕಾರಿ ಪಂಪಹೌಸಿನ ಮೆಟ್ಟಿಲ ಮೇಲೆ ನಿಂತು ಬೀಸಿದಾಗ ಕೋಲು ಹಿಡಿಯಿಂದ ಮೂರನೆಯ ಗೆಣ್ಣಿಗೆ ಮುರಿಯಿತು. ಮುಂದೆ ಹೋಗಬೇಕಿದ್ದ ಕಟ್ಟಿಗೆ ಮೀನು ದಾರದ ತುದಿಗೆ ಗಿರಕಿ ಹೊಡೆದು ಹಿಂದಕ್ಕೆ ಬಂತು. ಅವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮಿರಜದ ದವಾಖಾನೆಗೆ ಒಯ್ದರು. ಎಡಗಣ್ಣು ಉಳಿಯಲಿಲ್ಲ.

ಮರುದಿನ ಮುರಿದ ಕೋಲನ್ನೂ ಕಟ್ಟಿಗೆ ಮೀನನ್ನೂ ಯಾರೋ ಕಿರಾಣಿ ಅಂಗಡಿಯ ಕಟ್ಟೆಗೆ ತಂದಿಟ್ಟರು. ಕೋಲು ಕೆಟ್ಟದ್ದೋ, ಬೀಸಿದವನು ಕೆಟ್ಟವನೋ ಎಂದು ವಾದ ಎದ್ದಿತು. ಆಗ ಯಾರಿಗೋ ನೆನಪಾಯಿತು, ತೂಕದ ವಿಷಯಕ್ಕೆ ಊರಲ್ಲಿ ಒಬ್ಬ ಪಂಡಿತನಿದ್ದಾನೆ ಎಂದು. ಕಾಟಾ ಕಾರಕೂನನನ್ನು ಕರೆಸಿದರು. ಅವನು ಹತ್ತು ಜನರ ಎದುರು ತಕ್ಕಡಿ ಹಿಡಿಯುವ ಅವಕಾಶ ಬಿಡುವವನೇ? ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು, ಎರಡು ಸಲ ತೂಗಿ, ಗಂಟಲು ಸರಿ ಮಾಡಿಕೊಂಡು ಹೇಳಿದ: ಅರ್ಧಪಾವಿಗೆ ಹೇಳಿ ಮಾಡಿಸಿದ ಕೋಲು, ಮೀನು ಅರ್ಧಪಾವಿನ ಮೇಲೆ ಮೂವತ್ತು ಗ್ರಾಂ ಹೆಚ್ಚಿದೆ. ಮಲಕಾರಿ ಆಮೇಲೆ ಸೀಸ ಸುರಿದಿದ್ದಾನೆ. ತೀರಿತು. ಮಂದಿ ತಲೆಯಾಡಿಸಿ ಎದ್ದರು. ದವಾಖಾನೆಯಲ್ಲಿ ಮಲಕಾರಿಯೂ ಅದನ್ನೇ ಹೇಳಿದ, ಹೌದು, ಸೀಸ ಹೊಯ್ದಿದ್ದೆ, ದೂರ ಹೋಗಲಿ ಅಂತ. ತಕ್ಕಡಿ ಸುಳ್ಳು ಹೇಳಲಿಲ್ಲ. ತೂಗಬೇಕಾದದ್ದನ್ನು ಬಿಟ್ಟು ಬೇರೆಯದನ್ನು ತೂಗಿದವನು ಮಾತ್ರ ಆ ಸಂಜೆ ಎರಡು ಪ್ಲೇಟು ಭಜಿ ತಿಂದು ಮನೆಗೆ ಹೋದ.

ಮಂದಿ ಹೋದಮೇಲೆ ಸುಲ್ತಾನಬಿ ಮುರಿದ ತುಂಡುಗಳನ್ನು ಮನೆಗೆ ತಂದಳು. ಮೂವತ್ತು ಗ್ರಾಂ ಹೆಚ್ಚಾದರೆ ಒಳ್ಳೆಯ ಕೋಲು ಬಳಲುತ್ತದೆ, ಒಂದು ಹಂಗಾಮಿನಲ್ಲಿ ಸೊಟ್ಟಗಾಗುತ್ತದೆ, ಮುರಿಯುವುದಿಲ್ಲ. ಅಷ್ಟಕ್ಕೂ ಗಂಡುಬಿದಿರು ಮುರಿದರೆ ನಾರು ನಾರಾಗಿ ಸೀಳುತ್ತದೆ, ಎರಡಾಗಿ ಬೀಳದೆ ನಾರಿನಲ್ಲಿ ಜೋತುಕೊಂಡಿರುತ್ತದೆ. ಇದು ಸೀಮೆಸುಣ್ಣ ಮುರಿದಂತೆ ಎರಡು ತುಂಡಾಗಿತ್ತು. ಒಳಗಿನ ತಿರುಳು ಹೊತ್ತಿದ ರೊಟ್ಟಿಯ ಬಣ್ಣಕ್ಕಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು.

ಗಾಣಕ್ಕೆ ಹೋಗಿ ಸತ್ಯಪ್ಪನನ್ನು ಕೇಳಿದಳು. ಅವನು ಸಹಜವಾಗಿ ಹೇಳಿದ, "ದೀಪಾವಳಿ ಮುಂದ ಗಾಳಿಗೆ ಮ್ಯಾಲಿನ ತಗಡಿನ ಪತ್ರಾ ಹಾರಿದ್ವಲ್ಲ ಅಕ್ಕಾರ, ಹೊಸಾ ಪತ್ರಾ ಹೊಚ್ಚೂಮುಂದ ನಿಮ್ಮ ಬಿದರ ಇಳಿಸಿ ಈ ಕಡೆ ಕಟ್ಟೀವ್ರಿ." ಈ ಕಡೆ ಎಂದರೆ ಒಲೆಯ ಬಾಯಿಯ ನೇರ ಮೇಲೆ. ಹೊಗೆಯಲ್ಲಿ ಪಕ್ವವಾಗಬೇಕಿದ್ದದ್ದು ಬೆಂಕಿಯ ಝಳಕ್ಕೆ ಒಳಗೊಳಗೇ ಸುಟ್ಟಿತ್ತು. ಹೊರಗಿನ ಬಣ್ಣ ಮಾತ್ರ ಚಂದ ಬಂದಿತ್ತು. ಆ ವರ್ಷದ ಉಳಿದ ಎಂಟು ಕೋಲುಗಳನ್ನು ಆಕೆ ಅಲ್ಲಿಯೇ ಒಗೆದು ನೋಡಿದಳು. ಐದು ಕೋಲು ಮೂರನೆಯ ಬೀಸಿಗೇ ಟಕ್ ಎಂದವು. ಮಲಕಾರಿಯದ್ದನ್ನು ಮೂರು ಸಲ ಒಗೆದಿದ್ದರೂ ಸಾಕಿತ್ತು.

ಮಿರಜಕ್ಕೆ ಬಸ್ಸು ಹತ್ತಿದಳು, ಹೇಳಿಬಿಡಬೇಕೆಂದೇ. ದವಾಖಾನೆಯ ಪಡಸಾಲೆಯಲ್ಲಿ ಮಲಕಾರಿಯ ಹೆಂಡತಿ ಲಕ್ಷ್ಮಿಬಾಯಿ ಆಕೆಯನ್ನು ನೋಡಿದವಳೇ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಮ್ಮಂವಾ ಮಾಡ್ಕೊಂಡ ಕೆಲಸಕ್ಕ ನಿಮ್ಮ ಹೆಸರ ಕೆಡತಿತ್ತಲ್ಲ ಯಕ್ಕಾ. ಮನಸಿಗೆ ಹಚ್ಚಿಕೋಬ್ಯಾಡ್ರಿ." ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಮಲಕಾರಿಯೂ ದನಿ ಗುರುತು ಹಿಡಿದು, "ಕೋಲ ಚಲೋ ಇತ್ರಿ ಅಕ್ಕಾರ, ನಾನ ಹಲ್ಕಟ್ಟ" ಎಂದ. ಸುಲ್ತಾನಬಿ ತಂದಿದ್ದ ಮೋಸಂಬಿಯನ್ನು ಮಂಚದ ಪಕ್ಕಕ್ಕಿಟ್ಟಳು. ಬಾಯಿ ತೆರೆದಳು. "ಊಟ ಮಾಡಿಯೇನು?" ಎಂಬ ಮಾತು ಬಂತು, ಅಷ್ಟೇ.

ದಿಲಶಾದಬಿಗೆ ಎಲ್ಲ ಗೊತ್ತಿತ್ತು. ತಾಯಿ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹಿಂದೆ ಇಡುವುದನ್ನು ನೋಡಿದ್ದಳು.

"ಅಮ್ಮೀ, ಅಂವಾನ ತಪ್ಪಂತ ಅಂವಾನ ಅನ್ನಾಕತ್ತಾನ. ತೂಕಾನೂ ಹಂಗ ಬಂದೈತಿ. ನೀ ಯಾಕ ಸುಳ್ಳ ಸುಳ್ಳ ಮೈಮ್ಯಾಲ ಹಾಕ್ಕೋತಿ?"

"ಸುಳ್ಳ ಸುಳ್ಳ ಅಲ್ಲ ಬೇಟಿ."

"ಹೇಳಿದರ ಕಣ್ಣ ತಿರುಗಿ ಬರತೈತೇನು? ಕೋಲ ಯಾರೂ ಒಯ್ಯಂಗಿಲ್ಲ. ಮುಗಳಖೋಡದವರ ಕಿವಿಗೆ ಬಿದ್ದರ ಅವರೇನ ಅಂತಾರ?"

ಮಗಳ ಮಾತಿನಲ್ಲಿ ಹುರುಳಿಲ್ಲದಿದ್ದರೆ ಸುಲ್ತಾನಬಿಗೆ ಹಗುರವಾಗುತ್ತಿತ್ತು. ಹುರುಳಿತ್ತು. ಕಣ್ಣು ಬರುವುದಿಲ್ಲ, ಮನೆಗೆ ಬೇರೆ ದುಡಿಮೆಯಿಲ್ಲ, ಮದುವೆಗೆ ಮೂರು ತಿಂಗಳಿಲ್ಲ. ಎರಡು ತಿಂಗಳು ಸುಮ್ಮನಿದ್ದಳು. ಈಗ ಕೋಲು ಕೊಳ್ಳಲು ಬಂದವರ ಎದುರು ಇಪ್ಪತ್ತೊಂದಲ್ಲ, ನಲವತ್ತು ಸಲ ಒಗೆಯುತ್ತಿದ್ದಳು. ಸಾಕ್ರಿ ಎಂದರೂ ನಿಲ್ಲಿಸುತ್ತಿರಲಿಲ್ಲ. ಬಲಗೈ ಬಾತುಕೊಂಡು ರೊಟ್ಟಿ ತಟ್ಟಲಾಗದೆ ಮಗಳೇ ತಟ್ಟುವ ಹಾಗಾಯಿತು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಅಥಣಿ ಕಡೆಯ ರಾವಸಾಹೇಬ ಜೀಪಿನಲ್ಲಿ ಬಂದ. ದ್ರಾಕ್ಷಿ ತೋಟದ ಸಾವಕಾರ. ಮುಂಬಯಿಯಿಂದ ತರಿಸಿದ ಫೈಬರ್ ಕೋಲಿನ ಎರಡು ತುಂಡು ಅವನ ಕೈಯಲ್ಲಿದ್ದವು. ಜೊತೆಗೆ ಮುಂಗೈ ಉದ್ದದ ರಬ್ಬರಿನ ಮೀನು, ಎಳೆದರೆ ಬಾಲ ಅಲುಗಾಡಿಸುವಂಥದ್ದು. ಅದೇ ಹೊತ್ತಿಗೆ ಕಟ್ಟೆಯ ಮೇಲೆ ಮಲಕಾರಿಯೂ ಇದ್ದ. ದವಾಖಾನೆಯಿಂದ ಬಂದಮೇಲೆ ಅವನು ಅಂಗಳಕ್ಕೆ ಬಂದದ್ದು ಅದೇ ಮೊದಲು. ಹೊಸ ಕೋಲು ಬೇಕಾಗಿತ್ತು. ರಜೆಯಲ್ಲಿದ್ದ ಕಾಟಾ ಕಾರಕೂನನೂ ಪಕ್ಕದಲ್ಲಿ ಕೂತು, ಯಾರೂ ಕೇಳದ ಸಲಹೆ ಕೊಡುತ್ತಿದ್ದ.

ಸುಲ್ತಾನಬಿ ರಬ್ಬರಿನ ಮೀನನ್ನು ಅಂಗೈಯಲ್ಲಿ ತೂಗಿದಳು. "ಅರ್ಧಪಾವ ದಾಟತೈತಿ ಸಾವಕಾರ್ರ. ಇದಕ್ಕ ತುದಿ ಮೆತ್ತಗಿದ್ದದ್ದು ನಡಿಯಂಗಿಲ್ಲ, ಎರಡ ಪಾಲ ಬಿರುಸ ಇರಬೇಕು. ನಿಮ್ಮ ಮುಂಬೈ ಕೋಲ ಸಣ್ಣ ಮೀನ ಒಗ್ಯಾಕ ಮಾಡಿದ್ದು, ಅದರದ್ದೇನೂ ತಪ್ಪಿಲ್ಲ."

ಗೋಡೆಗೆ ಆನಿಸಿದ್ದ ಕೋಲುಗಳಲ್ಲಿ ಒಂದನ್ನು ಎತ್ತಿ, ಇಟ್ಟು, ಮತ್ತೊಂದನ್ನು ತೆಗೆದಳು. ಎಲ್ಲರೂ ಗಾಣದ ಹಿಂದಿನ ಹೊಲಕ್ಕೆ ನಡೆದರು. ರಬ್ಬರಿನ ಮೀನು ಕೂಳೆಗಳ ಮೇಲೆ ಹಾರಿ ಹಾರಿ ಬಿತ್ತು. ಮಲಕಾರಿ ಹಳೆಯ ರೂಢಿಯಂತೆ ಎಣಿಸುತ್ತಿದ್ದ. ಹನ್ನೊಂದು. ಹನ್ನೆರಡು. ಕೋಲು ಸುಂಯ್ ಎನ್ನುತ್ತಿತ್ತು.

ರಾವಸಾಹೇಬ ಎಣಿಸುವವನ ಮುಖ ನೋಡಿದ. "ಕಣ್ಣಿಗೇನಾತೋ ನಿಂದು?"

"ಕೋಲ ಮುರೀತ್ರಿ."

"ಎಲ್ಲೀದು?"

"ಇಲ್ಲೀದಽರಿ. ಆದರ ತಪ್ಪ ನಂದ್ರಿ, ಸೀಸ ಜಾಸ್ತಿ ಹೊಯ್ದಿದ್ದೆ. ಇಲ್ಲೇ ಅದಾನಲ್ರಿ ಕಾಟಾ ಸಾಹೇಬ, ಇಂವನ ತೂಗ್ಯಾನ."

ಕಾರಕೂನ ಗಂಭೀರವಾಗಿ ತಲೆಯಾಡಿಸಿದ. ಆ ಕೆಲಸದಲ್ಲಿ ಅವನು ಪಳಗಿದವನು.

ರಾವಸಾಹೇಬನಿಗೆ ಸಮಾಧಾನವಾಗಲಿಲ್ಲ. ಒಡಕು ಮಾತಿನವನಲ್ಲ ಅವನು, ಆದರೆ ಒಂದು ಕೋಲು ಮುರಿದುಕೊಂಡು ಬಂದವನು. "ಅದೆಲ್ಲಾ ಇರಲಿ. ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳತೀನಿ. ಇವನ ಕೋಲಾನೂ ಹಿಂಗ ಒಗದ ನೋಡೇ ಕೊಟ್ಟಿದ್ರೇನು?"

ಸುಲ್ತಾನಬಿಯ ತೋಳು ಅರ್ಧಕ್ಕೆ ನಿಂತಿತು. ಗಾಣದ ಮೂಲೆಯಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ದಿಲಶಾದಬಿ ತಾಯಿಯ ಕಡೆ ನೋಡಿ, ಬೇಡ ಎಂಬಂತೆ ಕಣ್ಣು ಮಾಡಿದಳು. "ಏನ್ರಿ ಸಾವಕಾರ್ರ ನೀವು, ಅಕ್ಕಾರ ಒಗದ ನೋಡಲಾರದ ಕೊಡತಾರೇನ್ರಿ" ಎಂದು ಮಲಕಾರಿ ನಕ್ಕ. ಸುಲ್ತಾನಬಿ ಅವನ ಎಡಕ್ಕೆ ನಿಂತಿದ್ದಳು. ಆ ಕಡೆ ಕಾಣದ್ದರಿಂದ ಅವನು ಆಕೆಯನ್ನು ನೋಡಲು ಇಡೀ ತಲೆಯನ್ನೇ ತಿರುಗಿಸಬೇಕಾಯಿತು. ತಿರುಗಿಸಿದ, ನಗುತ್ತಲೇ.

ಸುಲ್ತಾನಬಿ ಕೋಲನ್ನು ನೆಲಕ್ಕಿಟ್ಟಳು.

"ಇಲ್ಲ. ಒಂದ ಸಲಾನೂ ಒಗದ ನೋಡಲಿಲ್ಲ. ಕೋಲ ಒಳಗ ಸುಟ್ಟಿತ್ತು. ಅವನ ಕಣ್ಣ ಹೋಗಿದ್ದು ನನ್ನಿಂದ."